ಗ್ರಂಥಸೂಚಿಯಲ್ಲಿ ಲೇಖನಗಳ ಶೋಧ: ಕನ್ನಡ ಸಂಶೋಧನೆಯ ದೃಷ್ಟಿಯಿಂದ

ಕನ್ನಡ ಸಂಶೋಧನೆಯ ಬಹುಭಾಗ ಮೊದಲು ಬೆಳಕು ಕಂಡದ್ದು ಗ್ರಂಥರೂಪದಲ್ಲಲ್ಲ, ಬಿಡಿ ಲೇಖನಗಳ ರೂಪದಲ್ಲಿ. 1919ರಲ್ಲಿ ಆರಂಭವಾದ 'ಪ್ರಬುದ್ಧ ಕರ್ನಾಟಕ', ಬಿ.ಎಂ.ಶ್ರೀ. ಅವರಿಗೆ ಅರ್ಪಿತವಾದ 'ಸಂಭಾವನೆ', ಡಿ.ಎಲ್. ನರಸಿಂಹಾಚಾರ್ಯರಿಗೆ ಅರ್ಪಿತವಾದ 'ಉಪಾಯನ' ಇವುಗಳ ಪುಟ ತಿರುವಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ವಿಶ್ವವಿದ್ಯಾಲಯದ ಗ್ರಂಥಾಲಯದ ಗಣಕದಲ್ಲಿ ಹುಡುಕಿದಾಗ ಸಾಮಾನ್ಯವಾಗಿ ದೊರೆಯುವುದು ಸಂಪುಟದ ಹೆಸರು, ಸಂಪಾದಕರ ಹೆಸರು, ಕಪಾಟಿನ ಸಂಖ್ಯೆ ಮಾತ್ರ. ಎಂ.ಎಂ. ಕಲಬುರ್ಗಿಯವರ 'ಮಾರ್ಗ'ದ ಒಂದೊಂದು ಸಂಪುಟವೂ ಸೂಚಿಗೆ ಒಂದೊಂದು ಪುಸ್ತಕ. ಅಭ್ಯಾಸಿಗಾದರೋ ಅದು ಹತ್ತಾರು ಸಂಪ್ರಬಂಧಗಳ ಭಂಡಾರ. 'ಈ ವಿಷಯದಲ್ಲಿ ಇದುವರೆಗೆ ಯಾರೂ ಕೆಲಸ ಮಾಡಿಲ್ಲ' ಎಂಬ ವಾಕ್ಯವನ್ನು ಪ್ರಸ್ತಾವನೆಯಲ್ಲಿ ನಿರಾತಂಕವಾಗಿ ಬರೆಯಲು ಈ ಅಂತರವೇ ಅವಕಾಶ ಕೊಡುತ್ತದೆ.

ಇದಕ್ಕೆ ಚಾರಿತ್ರಿಕ ಕಾರಣವಿದೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ರೂಪುಗೊಂಡ 'ಮಾರ್ಕ್' ದಾಖಲೆಯ ಕ್ರಮವು ನಿಯತಕಾಲಿಕವನ್ನು ಒಂದು ಘಟಕವೆಂದು ಪರಿಗಣಿಸಿತು. ಅದರೊಳಗಿನ ಲೇಖನಗಳ ಸೂಚಿ ಬೇರೆಯವರ ಕೆಲಸವಾಗಿ ಉಳಿಯಿತು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಎಸ್.ಆರ್. ರಂಗನಾಥನ್ ಅವರು, ಗ್ರಂಥಕ್ಕಿಂತ ಚಿಕ್ಕದಾದ ಬರಹಗಳಿಗೂ ಸೂಕ್ಷ್ಮವಾದ ವರ್ಗೀಕರಣ ಬೇಕೆಂದು ಪ್ರತಿಪಾದಿಸಿದವರು. ನಮ್ಮ ಗ್ರಂಥಾಲಯಗಳು ಅವರ ಹೆಸರನ್ನು ಸ್ಮರಿಸಿದಷ್ಟು ಈ ಮಾತನ್ನು ಸ್ಮರಿಸಿದಂತೆ ಕಾಣುವುದಿಲ್ಲ.

2000ದ ದಶಕದ ಉತ್ತರಾರ್ಧದಲ್ಲಿ ಪರಿಸ್ಥಿತಿ ಬದಲಾಯಿತು. ವಿಲನೋವ ವಿಶ್ವವಿದ್ಯಾಲಯದಿಂದ 'ವ್ಯೂಫೈಂಡ್', ವರ್ಜೀನಿಯ ವಿಶ್ವವಿದ್ಯಾಲಯದಿಂದ 'ಬ್ಲ್ಯಾಕ್‌ಲೈಟ್' ಎಂಬ ಮುಕ್ತ ತಂತ್ರಾಂಶಗಳು ಬಂದವು. 2009ರಲ್ಲಿ ಬಂದ 'ಸಮ್ಮನ್' ಮತ್ತು ಅನಂತರದ ವಾಣಿಜ್ಯ ಸೇವೆಗಳು ಪ್ರಕಾಶಕರಿಂದ ಲೇಖನಗಳ ವಿವರವನ್ನು ಪಡೆದು ಒಂದು ಕೇಂದ್ರ ಸೂಚಿಯಲ್ಲಿ ಸೇರಿಸಿದವು. ಗ್ರಂಥಾಲಯದ ಸೂಚಿಗೆ ಇದನ್ನು ಜೋಡಿಸುವ ಕ್ರಮಗಳು ಮುಖ್ಯವಾಗಿ ಎರಡು: ಪುಸ್ತಕ, ಲೇಖನಗಳನ್ನು ಬೆರೆಸಿ ಒಂದೇ ಪಟ್ಟಿಯಾಗಿ ತೋರಿಸುವುದು, ಅಥವಾ ಎರಡನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಬೇರೆಬೇರೆಯಾಗಿ ತೋರಿಸುವುದು. ಎರಡನೆಯದೇ ಲೇಸೆಂದು ನನ್ನ ಅಭಿಪ್ರಾಯ. ಯಂತ್ರವು ಫಲಿತಾಂಶಗಳಿಗೆ ಕೊಡುವ ಶ್ರೇಯಾಂಕವು ಒಂದು ಪದ ಆ ಸಂಗ್ರಹದಲ್ಲಿ ಎಷ್ಟು ವಿರಳವೆಂಬುದನ್ನು ಅವಲಂಬಿಸಿರುತ್ತದೆಯಾದ್ದರಿಂದ, ಎರಡು ಸಂಗ್ರಹಗಳ ಅಂಕಗಳನ್ನು ಹೋಲಿಸುವುದು ಸೇರನ್ನೂ ಮೊಳವನ್ನೂ ಹೋಲಿಸಿದಂತೆ. ಅಲ್ಲದೆ, ಲಕ್ಷಗಟ್ಟಲೆ ಗ್ರಂಥಗಳು ಕೋಟಿಗಟ್ಟಲೆ ಲೇಖನಗಳ ನಡುವೆ ಮುಳುಗಿಹೋಗುತ್ತವೆ.

ಕನ್ನಡದ ಮಟ್ಟಿಗೆ ತೊಡಕು ಇನ್ನೂ ಆಳವಾದುದು. ಪ್ರಕಾಶಕರು ಕಳಿಸಿದ ವಿವರ ಮಾತ್ರ ಕೇಂದ್ರ ಸೂಚಿಗೆ ಸೇರುತ್ತದೆ. ನಮ್ಮ ಹಳೆಯ ಪತ್ರಿಕೆಗಳು ಅಂಥ ವಿವರವನ್ನು ಸಿದ್ಧಪಡಿಸಿದವಲ್ಲ. ಆದಕಾರಣ ಲೇಖನಗಳ ಅಂಕಣದಲ್ಲಿ ಪಂಪನನ್ನು ಹುಡುಕಿದವನಿಗೆ ಇಂಗ್ಲಿಷ್ ಬರಹಗಳು ದೊರೆತು, ಕನ್ನಡ ವಿದ್ವತ್ತು ಇಲ್ಲವೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಮೊದಲು ಕಾಣದಿದ್ದುದು ಈಗ ಇಲ್ಲದ್ದೆನಿಸಿಕೊಳ್ಳುತ್ತದೆ. ಪರಿಹಾರ ಹೊರಗಿನಿಂದ ಬರುವಂಥದಲ್ಲ. 'ಮಾರ್ಕ್' ಕ್ರಮದ 773ನೆಯ ಕ್ಷೇತ್ರವು ಲೇಖನವನ್ನು ಅದರ ಆಶ್ರಯ ಸಂಪುಟಕ್ಕೆ ಜೋಡಿಸಲೆಂದೇ ಇದೆ. ಭಾರತದ ಅನೇಕ ಗ್ರಂಥಾಲಯಗಳು ಬಳಸುವ 'ಕೋಹ' ತಂತ್ರಾಂಶದಲ್ಲಿ ಇದಕ್ಕೆ ಅನುಕೂಲವೂ ಇದೆ.

ಲಿಪಿಯ ಪ್ರಶ್ನೆಯನ್ನು ಮಾತ್ರ ಹಗುರವಾಗಿ ಕಾಣಲಾಗದು. ಅರ್ಕಾವೊತ್ತಿನ 'ಸೂರ್ಯ' ಮತ್ತು ರಕಾರಕ್ಕೆ ಯಕಾರದ ಒತ್ತು ಕೊಟ್ಟ 'ಸೂರ‍್ಯ' ನಮಗೆ ಒಂದೇ. ಎರಡನೆಯದರಲ್ಲಿ ಅಡಗಿರುವ ಕಾಣದ ಸಂಕೇತವನ್ನು ಸೂಚೀಕರಣದ ವೇಳೆ ತೆಗೆದುಹಾಕದಿದ್ದರೆ ಯಂತ್ರಕ್ಕೆ ಅವು ಎರಡು ಪದಗಳು. 'ಪಂಪ' ಎಂದು ಹುಡುಕಿದರೆ 'ಪಂಪನಲ್ಲಿ ದೇಸಿ' ಎಂಬಂಥ ಶೀರ್ಷಿಕೆ ಸಿಗಬೇಕಾದರೆ ವಿಭಕ್ತಿ ಪ್ರತ್ಯಯಗಳನ್ನು ಬಿಡಿಸಬೇಕು, ಇಲ್ಲವೇ ಪದದ ಮೊದಲ ಭಾಗದ ಹೊಂದಾಣಿಕೆಗೆ ಅವಕಾಶವಿರಬೇಕು. ತೀ.ನಂ.ಶ್ರೀ., ತೀ.ನಂ. ಶ್ರೀಕಂಠಯ್ಯ, ರೋಮನ್ ಲಿಪಿಯಲ್ಲಿ ದಾಖಲಾದ ಅದೇ ಹೆಸರು ಇವೆಲ್ಲ ಒಬ್ಬ ವಿದ್ವಾಂಸರತ್ತ ಕೊಂಡೊಯ್ಯಬೇಕು.

ಇದರಲ್ಲಿ ಗ್ರಂಥಪಾಲಕರು ಮಾಡಬಲ್ಲುದು ಬಹಳ, ಆದರೆ ಎಲ್ಲವೂ ಅಲ್ಲ. ನಮ್ಮ ಲೇಖನಗಳ ಶೀರ್ಷಿಕೆಗಳು ಅನೇಕ ವೇಳೆ 'ಒಂದು ಟಿಪ್ಪಣಿ', 'ಕೆಲವು ವಿಚಾರಗಳು' ಎಂಬಷ್ಟಕ್ಕೇ ನಿಲ್ಲುತ್ತವೆ. ಒಳಗೆ ಚರ್ಚಿತವಾದುದು ಹಲ್ಮಿಡಿ ಶಾಸನದ ಪಾಠವೋ 'ಕವಿರಾಜಮಾರ್ಗ'ದ ಕರ್ತೃತ್ವವೋ ಎಂಬುದನ್ನು ಓದಿದವರೇ ಹೇಳಬೇಕು. ವಿಭಾಗದ ಸಂಶೋಧನ ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದು ಪತ್ರಿಕೆಯ ಕೆಲವು ಸಂಪುಟಗಳನ್ನು ವಹಿಸಿಕೊಂಡು ವಿಷಯಪದಗಳನ್ನು ಗುರುತಿಸಿಕೊಟ್ಟರೆ, ಅದನ್ನು ದಾಖಲೆಗೆ ಇಳಿಸುವ ಭಾರ ಗ್ರಂಥಾಲಯದ್ದು.