ಸಾಕ್ಷಿಗೆ ಅವಸರ ಬೇಡ

ಹೋದ ವಾರ ಯೌವನಸ್ಥರ ಕೂಟ ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ಪಾಸ್ಟರ್, ಒಂದೇ ಥರದ ಕಷ್ಟ ಬಂದರೂ ಒಬ್ಬ ಹುಡುಗ ಗಟ್ಟಿಯಾಗ್ತಾನೆ, ಇನ್ನೊಬ್ಬ ಕುಗ್ಗಿಹೋಗ್ತಾನೆ. ಯಾಕೆ?"

ಇದನ್ನು ಓದಿದವರೂ ಕೇಳಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಟೆಡೆಸ್ಕಿ ಮತ್ತು ಕ್ಯಾಲ್‌ಹೌನ್ 1996ರಲ್ಲಿ 21 ಹೇಳಿಕೆಗಳ ಒಂದು ಅಳತೆಪಟ್ಟಿ ಪ್ರಕಟಿಸಿದರು. ಸಂಬಂಧಗಳು, ಹೊಸ ದಾರಿಗಳು, ತನ್ನ ಬಲದ ಅರಿವು, ಆತ್ಮಿಕ ಬದಲಾವಣೆ, ಬದುಕಿನ ಬೆಲೆ, ಈ ಐದರಲ್ಲಿ ಬೆಳವಣಿಗೆಯನ್ನು ಅಳೆದರು. ಆದರೆ ಗಮನಿಸಿ, ಏಟು ಬಿದ್ದರೆ ಸಾಕು, ಮನುಷ್ಯ ಬೆಳೀತಾನೆ ಅಂತ ಅವರು ಹೇಳಲಿಲ್ಲ. ಏಟು ಬಿದ್ದ ಮೇಲೆ ಒಳಗೆ ನಡೆಯೋ ಹೋರಾಟದಿಂದ ಬೆಳೀತಾನೆ ಅಂದರು.

ಆ ಹೋರಾಟದಲ್ಲಿ ಯೋಚನೆ ಎರಡು ಥರ. ಬೇಡ ಅಂದರೂ ರಾತ್ರಿಯೆಲ್ಲಾ ನುಗ್ಗಿ ಬರೋದು ಒಂದು. "ಇದರಿಂದ ನನ್ನ ಬದುಕಲ್ಲಿ ಏನು ಬದಲಾಯ್ತು?" ಅಂತ ತಾನಾಗಿ ಕೂತು ಯೋಚಿಸೋದು ಇನ್ನೊಂದು. ಈ ಎರಡನೆಯದಕ್ಕೇ ಬೆಳವಣಿಗೆಯ ನಂಟು ಹೆಚ್ಚು. ಮೊದಲನೆಯದರಿಂದ ಎರಡನೆಯದಕ್ಕೆ ದಾಟೋಕೆ, ಬುದ್ಧಿ ಹೇಳದೆ ಕೇಳಿಸಿಕೊಳ್ಳೋ ಒಬ್ಬರು ಬೇಕು.

ಇಲ್ಲೇ ನಾನು ತಪ್ಪಿದ್ದು. ನಮ್ಮ ಸಭೆಯ ಒಬ್ಬ ಹುಡುಗ ಸೆಕೆಂಡ್ ಪಿಯುಸಿಯಲ್ಲಿ ತಂದೆಯನ್ನು ಕಳೆದುಕೊಂಡ. ಮಣ್ಣು ಮಾಡಿದ ಮೂರನೇ ದಿನ ಅವನ ಹೆಗಲ ಮೇಲೆ ಕೈಯಿಟ್ಟು, "ಎಲ್ಲಾ ಒಳ್ಳೇದಕ್ಕೇ ತಮ್ಮಾ, ನೀನು ದೊಡ್ಡ ಸಾಕ್ಷಿ ಆಗ್ತೀಯ" ಅಂದೆ. ನಾಲ್ಕು ತಿಂಗಳು ಸಭೆಗೆ ಬರಲಿಲ್ಲ. ಆಮೇಲೆ ನಾನೇ ಅವರ ಮನೆಗೆ ಹೋಗಿ ಸುಮ್ಮನೆ ಕೂತೆ. ಮೂರನೇ ಸಲ ಹೋದಾಗ ಅವನೇ ಬಾಯಿಬಿಟ್ಟ. ಅಪ್ಪನ ಮೇಲಿದ್ದ ಕೋಪ, ದೇವರ ಮೇಲಿದ್ದ ಕೋಪ, ಎಲ್ಲಾ ಹೇಳಿದ. ಉತ್ತರ ಕೊಡದೇ ಇರೋದು ನನಗೆ ಕಷ್ಟವಾಯ್ತು. ಪ್ರಸಂಗ ಮಾಡೋ ಬಾಯಿ ನೋಡಿ!

ಬೆಳೆದವನಿಗೆ ನೋವಿರಲ್ಲ ಅಂತಲೂ ಅಂದುಕೋಬೇಡಿ. ಹದಿನೇಳು ವರ್ಷದ ಯೋಸೇಫನನ್ನು ಅಣ್ಣಂದಿರು ಮಾರಿದರು. ಮುಂದೆ ಅವನು ಮಗನಿಗೆ ಮನಸ್ಸೆ ಅಂತ ಹೆಸರಿಟ್ಟ, ಕಷ್ಟ ಮರೆಸಿದವನು ಅನ್ನೋ ಅರ್ಥದಲ್ಲಿ. ಅಷ್ಟಾದರೂ ಅಣ್ಣಂದಿರು ಎದುರಿಗೆ ಬಂದಾಗ ಮರೆಗೆ ಹೋಗಿ ಅತ್ತ.

ತಂದೆತಾಯಂದಿರೇ, ಮಕ್ಕಳು ಊಟ ನಿದ್ದೆ ಬಿಟ್ಟರೆ, ಸಾಯೋ ಮಾತಾಡಿದರೆ, ಪ್ರಾರ್ಥನೆ ಮಾಡಿ; ಅವತ್ತೇ ಡಾಕ್ಟರ ಹತ್ತಿರವೂ ಕರ್ಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅದು ಅವಿಶ್ವಾಸ ಅಲ್ಲ.

ಆ ಹುಡುಗ ಈಗ ಸಂಡೇ ಸ್ಕೂಲ್ ಮಕ್ಕಳ ಜೊತೆ ಕೂರ್ತಾನೆ. ಅದರಲ್ಲೂ ತಂದೆ ಇಲ್ಲದ ಒಂದು ಮಗುವಿನ ಪಕ್ಕ. ಸಾಕ್ಷಿ ಹೇಳು ಅಂತ ನಾನು ಇನ್ನೂ ಕೇಳಿಲ್ಲ.