ಗ್ಲೌಸು ಹಾಕಿದ ಕೈಗೆ ರೈಫಲ್

ತಮ್ಮಾ, ನಿನಗೆ ಸಿಯಾಚಿನ್ ಪೋಸ್ಟಿಂಗ್ ಬಂದ ಸುದ್ದಿ ಗೊತ್ತಾದಾಗಿನಿಂದ ಊರಲ್ಲಿ ಎಲ್ಲರ ಬಾಯಲ್ಲೂ ಹಿಮಕುಸಿತದ ಮಾತೇ. ಆಡದೆ ಇರುತ್ತಾರೆಯೇ? 2016ರ ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು 19,600 ಅಡಿ ಎತ್ತರದ ಸೋನಮ್ ಪೋಸ್ಟಿನಲ್ಲಿ ಆರು ದಿನದ ಮೇಲೆ ಹಿಮದಡಿಯಿಂದ ಜೀವಂತ ತೆಗೆದದ್ದು, ಆಮೇಲೆ ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ಕಣ್ಣು ಮುಚ್ಚಿದ್ದು ಯಾರಿಗೂ ಮರೆತಿಲ್ಲ. ನಿಮ್ಮವ್ವನಿಗಂತೂ ಮರೆತೇ ಇಲ್ಲ. ಆದರೆ ಹಿಮದ ಮೇಲೆ ಹೇಗೆ ನಡೆಯಬೇಕು, ಹಗ್ಗ ಹೇಗೆ ಕಟ್ಟಬೇಕು ಅನ್ನುವುದನ್ನೆಲ್ಲ ಬೇಸ್ ಕ್ಯಾಂಪಿನ ಬ್ಯಾಟಲ್ ಸ್ಕೂಲಿನಲ್ಲಿ ಉಸ್ತಾದರು ರೂಢಿ ಮಾಡಿಸಿಯೇ ನಿನ್ನನ್ನು ಮೇಲಕ್ಕೆ ಕಳಿಸುತ್ತಾರೆ. ಬಂದೂಕಿನ ರಿಪೇರಿಯಲ್ಲೇ ತಲೆ ನರೆತವನು ನಾನು. ನನಗೆ ತಿಳಿದದ್ದು ಕೈ, ಗ್ಲೌಸು ಮತ್ತು ರೈಫಲ್ಲಿನ ಸಂಗತಿ. ಅಷ್ಟನ್ನು ಹೇಳುತ್ತೇನೆ, ಕೇಳು.

ಮೊದಲು ನಿನ್ನ ಬೆರಳಿಗೆ ಏನಾಗುತ್ತದೆ ಅನ್ನುವುದು ಗೊತ್ತಿರಲಿ. ಬೆರಳಿನ ಚರ್ಮದ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಕೈಚಳಕ ಕಡಿಮೆಯಾಗುತ್ತದೆ. ಗುಂಡಿ ಹಾಕುವುದು, ಗಂಟು ಬಿಚ್ಚುವುದು ಕಷ್ಟವಾಗುತ್ತದೆ. 8 ಡಿಗ್ರಿಯ ಹತ್ತಿರ ಬಂತೆಂದರೆ ಮುಟ್ಟಿದ್ದು ಏನೆಂಬುದೇ ತಿಳಿಯುವುದಿಲ್ಲ. ನೀನು ಹೋಗುವ ಕಡೆ ಗಾಳಿ ಸೊನ್ನೆಗಿಂತ 40, 50 ಡಿಗ್ರಿ ಕೆಳಗೆ ಇಳಿಯುತ್ತದೆ. ಆ ಚಳಿಯಲ್ಲಿ ಬರಿಗೈಯಿಂದ ಬ್ಯಾರೆಲ್ ಹಿಡಿದರೆ ಕ್ಷಣಗಳಲ್ಲಿ ಚರ್ಮ ಲೋಹಕ್ಕೆ ಅಂಟುತ್ತದೆ, ಎಳೆದರೆ ಕಿತ್ತು ಬರುತ್ತದೆ. ಹಾಗಾಗಿ ಗ್ಲೌಸು ತೆಗೆದು ಗುಂಡು ಹಾರಿಸಿ ಮತ್ತೆ ಹಾಕಿಕೊಳ್ಳುತ್ತೇನೆ ಅನ್ನುವ ಲೆಕ್ಕಾಚಾರ ಬೇಡ. ಗ್ಲೌಸು ಕೈ ಮೇಲೆ ಇದ್ದೇ ಇರುತ್ತದೆ ಎಂದು ಇಟ್ಟುಕೊಂಡು ಮುಂದಿನದನ್ನೆಲ್ಲ ಯೋಚಿಸು.

ಈಗ ನಿನ್ನ ರೈಫಲ್ಲಿನ ಟ್ರಿಗರ್ ಗಾರ್ಡ್ ನೋಡು. ಟ್ರಿಗರ್ ಸುತ್ತ ಇರುವ ಆ ಕಬ್ಬಿಣದ ಬಳೆ ಬರಿ ಬೆರಳಿನ ಅಳತೆಗೆ ಮಾಡಿದ್ದು. ಉಣ್ಣೆಯ ಒಳಗ್ಲೌಸು, ಅದರ ಮೇಲೆ ದಪ್ಪನೆಯದು ಹಾಕಿದ ತೋರುಬೆರಳು ಅದರೊಳಗೆ ತೂರುವಾಗ ಎರಡು ತೊಂದರೆ ಆಗುತ್ತವೆ. ಒಂದು, ಒಳಗೆ ಹೋಗುವಾಗಲೇ ಬಟ್ಟೆ ಟ್ರಿಗರ್‌ಗೆ ತಾಗಿ ಒತ್ತುತ್ತದೆ, ಒತ್ತಿದ್ದು ನಿನಗೆ ತಿಳಿಯುವುದೇ ಇಲ್ಲ. ಇನ್ನೊಂದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದು ಗುಂಡು ಹಾರಿದ ಮೇಲೆ ಟ್ರಿಗರ್ ಪೂರ್ತಿ ಮುಂದಕ್ಕೆ ಬಂದು ಕೂತರೆ ಮಾತ್ರ ಎರಡನೆಯದು ಹಾರುತ್ತದೆ. ಬೆರಳಿನ ಮುಂಭಾಗದ ಬಟ್ಟೆ ಗಾರ್ಡಿಗೆ ತಾಗಿ, ಹಿಂಭಾಗ ಟ್ರಿಗರ್ ಮೇಲೆಯೇ ಒರಗಿದ್ದರೆ ಅದು ಮುಂದಕ್ಕೆ ಬರಲು ಜಾಗವೇ ಇರುವುದಿಲ್ಲ. ನೀನು ಒತ್ತುತ್ತೀಯ, ಏನೂ ಆಗುವುದಿಲ್ಲ, ರೈಫಲ್ ಕೆಟ್ಟಿದೆ ಅಂದುಕೊಳ್ಳುತ್ತೀಯ. ಕೆಟ್ಟಿರುವುದಿಲ್ಲ.

ಹಿಮದ ನಾಡುಗಳ ಸೈನ್ಯಗಳೆಲ್ಲ ಈ ಬಳೆಯ ಜೊತೆ ಗುದ್ದಾಡಿವೆ. ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಚಳಿಗೆ ಸಿಕ್ಕಿಬಿದ್ದ ಜರ್ಮನ್ನರು ತಮ್ಮ ಮೌಸರ್ ರೈಫಲ್ಲಿಗೆ ತಗಡಿನದೊಂದು ಕವಚ ಮಾಡಿದರು. ಅದು ಗಾರ್ಡಿನ ಮೇಲೆ ಕೂರುತ್ತಿತ್ತು. ಹೊರಗಿನ ಒಂದು ಸನ್ನೆಯನ್ನು ಒತ್ತಿದರೆ ಅದು ಒಳಗಿನ ಟ್ರಿಗರ್ ಎಳೆಯುತ್ತಿತ್ತು. ಅಮೆರಿಕದವರು ಗರಾಂಡ್ ರೈಫಲ್ಲಿಗೆ ಇದೇ ಕೆಲಸ ಮಾಡುವ ಚಳಿಗಾಲದ ಟ್ರಿಗರ್ ಜೋಡಣೆ ಮಾಡಿಕೊಂಡರು. ಆಮೇಲೆ ಬಂದ ಎಂ-16ರಲ್ಲಿ ಬೇರೆ ಸಾಮಾನೇ ಬೇಕಿಲ್ಲ. ಗಾರ್ಡಿನ ಮುಂತುದಿಯಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದು ಪುಟ್ಟ ಮೊಳೆ ಇದೆ. ಗುಂಡಿನ ಮೊನೆಯಿಂದ ಅದನ್ನು ಒಳಕ್ಕೆ ಒತ್ತಿದರೆ ಗಾರ್ಡ್ ಬಿಟ್ಟುಕೊಂಡು ಕೆಳಕ್ಕೆ ಮಡಚಿ ಹಿಡಿಕೆಗೆ ತಾಗಿ ನಿಲ್ಲುತ್ತದೆ. ಬೆರಳು ಬಿಡಿಸದ ದಪ್ಪ ಗ್ಲೌಸು, ಅಂದರೆ ಮಿಟನ್, ಹಾಕಿದ ಕೈಗೆ ಟ್ರಿಗರ್ ತಾನೇ ತೆರೆದುಕೊಳ್ಳುತ್ತದೆ. ಸ್ವಿಸ್ ಸೈನ್ಯದ ಎಸ್‌ಜಿ-550 ರೈಫಲ್ಲಿನ ಗಾರ್ಡನ್ನು ಎಡಕ್ಕೋ ಬಲಕ್ಕೋ ಪಕ್ಕಕ್ಕೆ ತಿರುಗಿಸಿ ಇಡಬಹುದು. ಆಸ್ಟ್ರಿಯಾದ ಸ್ಟೈಯರ್ ಆಗ್ ರೈಫಲ್ಲಿನಲ್ಲಿ ಗಾರ್ಡ್ ಒಂದು ಬೆರಳಿಗಲ್ಲ, ಇಡೀ ಮುಷ್ಟಿಗೆ ಆಗುವಷ್ಟು ದೊಡ್ಡದು. ಫಿನ್‌ಲೆಂಡಿನವರು 1960ರ ತಮ್ಮ ರೈಫಲ್ ಮಾದರಿಯಲ್ಲಿ ಬಳೆಯನ್ನೇ ಬಿಟ್ಟು, ಟ್ರಿಗರ್ ಮುಂದೆ ಒಂದು ಕಂಬಿಯನ್ನು ಮಾತ್ರ ನಿಲ್ಲಿಸಿದ್ದರು.

ಇದನ್ನೆಲ್ಲ ಹೇಳಿದ್ದು ನೀನೂ ಅರ ಹಿಡಿದು ಕೂರಲಿ ಅಂತಲ್ಲ. ಇವೆಲ್ಲ ಮಾಡಿದವರೇ ಲೆಕ್ಕ ಹಾಕಿ ಮಾಡಿದ ಮಾರ್ಪಾಡು. ಗಾರ್ಡ್ ಇರುವುದು ಟ್ರಿಗರನ್ನು ಕೊಂಬೆ, ಹಗ್ಗ, ಜಾಕೆಟ್ಟಿನ ದಾರ, ಎಡವಿ ಬಿದ್ದ ಗೆಳೆಯನ ಮೊಣಕೈ, ಇವುಗಳಿಂದ ಕಾಯುವುದಕ್ಕೆ. ಅದನ್ನು ಮಡಚಿ ಕೆಳಗಿಟ್ಟೆಯೆಂದರೆ ಆ ಕಾವಲು ಹೋಯಿತು. ಹಗ್ಗದಲ್ಲಿ ಒಬ್ಬರಿಗೊಬ್ಬರು ಕಟ್ಟಿಕೊಂಡು ಸಾಲಾಗಿ ನಡೆಯುವಾಗ ನಿನ್ನ ರೈಫಲ್ಲಿನ ಮೂತಿಯ ಮುಂದೆ ಸದಾ ಯಾರದೋ ಬೆನ್ನು ಇರುತ್ತದೆ. ನಿನ್ನ ರೈಫಲ್ಲಿನ ಗಾರ್ಡ್ ತೆರೆಯುವಂಥದಾದರೂ ಅದನ್ನು ತೆರೆಯುವುದು ಪೋಸ್ಟಿನಲ್ಲಿ ನಿಂತಾಗ, ಆದೇಶ ಇದ್ದಾಗ ಮಾತ್ರ. ನಡಿಗೆಯಲ್ಲಿ ಅದು ಮುಚ್ಚಿಯೇ ಇರಬೇಕು, ಸೇಫ್ಟಿ ಹಾಕಿಯೇ ಇರಬೇಕು, ತೋರುಬೆರಳು ಹೊರಗೆ ನೆಟ್ಟಗೆ ಇರಬೇಕು.

ಇನ್ನೊಂದು ಆಸೆ ಹುಟ್ಟುತ್ತದೆ. ಬೆರಳಿಗೆ ಬಲವಿಲ್ಲ, ಸ್ಪರ್ಶವಿಲ್ಲ, ಟ್ರಿಗರನ್ನು ಇನ್ನಷ್ಟು ಹಗುರ ಮಾಡಿಸಿಕೊಂಡರೆ ಹೇಗೆ ಅಂತ. ಬಯಾಥ್ಲಾನ್ ಆಟದವರನ್ನು ತೋರಿಸಿ ವಾದ ಮಾಡುವವರೂ ಸಿಗುತ್ತಾರೆ. ಹಿಮದ ಮೇಲೆ ಸ್ಕೀ ಮಾಡುತ್ತ ಬಂದು, ಏದುಸಿರು ಬಿಡುತ್ತಲೇ 50 ಮೀಟರ್ ದೂರದ ಗುರಿಗೆ ಹೊಡೆಯುವ ಆಟ ಅದು. ಮಲಗಿ ಹೊಡೆಯುವಾಗ ಗುರಿ ಬರೀ 45 ಮಿಲಿಮೀಟರ್ ಅಗಲ. ಅವರ ಟ್ರಿಗರ್ ಕನಿಷ್ಠ 500 ಗ್ರಾಂ ಒತ್ತಡ ತಡೆಯಬೇಕು ಅನ್ನುವುದು ನಿಯಮ. ನಮ್ಮ ಸೈನ್ಯದ ರೈಫಲ್ಲಿಗೆ ಅದರ ಎಷ್ಟೋ ಪಟ್ಟು ಬೇಕು. ಆದರೆ ಅವರು ಹಾಕುವುದು ತೆಳು ಗ್ಲೌಸು. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದರೆ ಅವರ ಪಂದ್ಯವೇ ನಡೆಯುವುದಿಲ್ಲ. ಗುಂಡು ಹಾರಿಸುವ ಜಾಗಕ್ಕೆ ಬರುವ ತನಕ ಅವರ ರೈಫಲ್ ಬೆನ್ನ ಮೇಲೆ ಖಾಲಿ ಚೇಂಬರಿನಲ್ಲಿ ಇರುತ್ತದೆ. ನಿನಗೆ ಇದ್ಯಾವುದೂ ಇಲ್ಲ. ಮರಗಟ್ಟಿದ ಬೆರಳಿಗೆ ಹಗುರ ಟ್ರಿಗರ್ ಕೊಡುವುದು ಅಪಾಯವನ್ನು ಎರಡು ಕಡೆಯಿಂದಲೂ ಹೆಚ್ಚಿಸಿದ ಹಾಗೆ. ಈ ವಿಷಯದಲ್ಲಿ ನನ್ನ ಮಾತು ಗಟ್ಟಿ: ಗಾರ್ಡಿನಲ್ಲಿ ಜಾಗ ಹೆಚ್ಚಬಹುದು, ಟ್ರಿಗರಿನ ತೂಕ ಇಳಿಯಬಾರದು. ಸ್ಪ್ರಿಂಗ್ ಕತ್ತರಿಸುವುದು, ಉಜ್ಜುವುದು, ಮೊಳೆ ಬದಲಿಸುವುದು ಯಾವುದೂ ನಿನ್ನ ಕೈಯ ಕೆಲಸವಲ್ಲ. ಏನೇ ಬೇಕಿದ್ದರೂ ಯೂನಿಟ್ಟಿನ ಆರ್ಮರರ್ ಹತ್ತಿರ ಹೋಗು. ಅವನು ಒಪ್ಪದಿದ್ದರೆ ಅಲ್ಲಿಗೇ ಬಿಡು.

ಹಾಗಾದರೆ ಬದಲಿಸಬೇಕಾದದ್ದು ಏನು? ಮೊದಲಿಗೆ ಗ್ಲೌಸು. ರಷ್ಯನ್ನರು ಇದನ್ನು ಚೆನ್ನಾಗಿ ಕಂಡುಕೊಂಡಿದ್ದರು. ಅವರ ಸೈನಿಕರ ಚಳಿಗ್ಲೌಸಿನಲ್ಲಿ ಹೆಬ್ಬೆರಳಿಗೊಂದು, ತೋರುಬೆರಳಿಗೊಂದು ಮನೆ, ಉಳಿದ ಮೂರು ಬೆರಳು ಒಟ್ಟಿಗೆ ಒಂದೇ ಚೀಲದಲ್ಲಿ. ಅಮೆರಿಕದ ಸೈನ್ಯದಲ್ಲೂ ಅಂಥದೇ ಇದೆ. ಒಟ್ಟಿಗಿದ್ದ ಬೆರಳು ಒಂದಕ್ಕೊಂದು ಬಿಸಿ ಕೊಡುತ್ತವೆ, ತೋರುಬೆರಳು ತನ್ನ ಕೆಲಸಕ್ಕೆ ಬಿಡುವಾಗಿರುತ್ತದೆ. ನಿನಗೆ ಕೊಡುವ ಗ್ಲೌಸಿನಲ್ಲಿ ಅಳತೆ ನೋಡಿ ತೆಗೆದುಕೊಳ್ಳಲು ನಾಚಿಕೆ ಬೇಡ. ತೋರುಬೆರಳ ತುದಿಯಲ್ಲಿ ಖಾಲಿ ಬಟ್ಟೆ ಜೋಲುತ್ತಿದ್ದರೆ ಅದೇ ಮೊದಲು ಟ್ರಿಗರ್‌ಗೆ ಸಿಕ್ಕುವುದು. ಬಿಗಿಯಾದರೆ ರಕ್ತ ಓಡದೆ ಬೆರಳು ಬೇಗ ತಣ್ಣಗಾಗುತ್ತದೆ. ಒಳಗೆ ತೆಳುವಾದ ಕಾಂಟ್ಯಾಕ್ಟ್ ಗ್ಲೌಸು ಯಾವಾಗಲೂ ಇರಲಿ. ಮ್ಯಾಗಜಿನ್ ಬದಲಿಸುವಾಗ, ಜ್ಯಾಮ್ ಬಿಡಿಸುವಾಗ ಹೊರಗಿನದನ್ನು ತೆಗೆದರೂ ಚರ್ಮ ಲೋಹಕ್ಕೆ ತಾಗದು. ಹೊರಗಿನ ಮಿಟನ್ನಿಗೆ ದಾರ ಕಟ್ಟಿ ಕೊರಳಿಗೋ ತೋಳಿಗೋ ಸಿಕ್ಕಿಸಿಕೋ. ಅಲ್ಲಿನ ಗಾಳಿಗೆ ಹಾರಿಹೋದ ಗ್ಲೌಸನ್ನು ಹುಡುಕುತ್ತ ಹೋಗುವಂತಿಲ್ಲ.

ಎರಡನೆಯದು ಅಭ್ಯಾಸ. ಕೋತ್‌ನಿಂದ, ಅಂದರೆ ಆಯುಧ ಇಡುವ ಕೋಣೆಯಿಂದ, ರೈಫಲ್ ತೆಗೆದ ದಿನವೇ, ಇನ್ನೂ ಕೆಳಗೆ ಇರುವಾಗಲೇ, ಚೇಂಬರ್ ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು, ಪೂರ್ತಿ ಗ್ಲೌಸು ಹಾಕಿಕೊಂಡು ಡ್ರೈ ಪ್ರಾಕ್ಟೀಸ್ ಮಾಡು. ಸೇಫ್ಟಿ ಹಾಕು, ತೆಗೆ. ಎಕೆ ಜಾತಿಯ ರೈಫಲ್ಲಾದರೆ ಬಲಬದಿಯ ಆ ಉದ್ದ ಪಟ್ಟಿ ಮಿಟನ್ ಕೈಗೂ ಸಿಗುತ್ತದೆ. ಬೇರೆ ರೈಫಲ್ಲುಗಳ ಚಿಕ್ಕ ಗುಬುಟು ಸಿಗದೆ ಹೋಗಬಹುದು. ಅದು ಎಲ್ಲಿದೆ ಅನ್ನುವುದು ಕಣ್ಣಿಗಲ್ಲ, ಹೆಬ್ಬೆರಳಿಗೆ ಗೊತ್ತಿರಬೇಕು. ಮ್ಯಾಗಜಿನ್ ಬಿಚ್ಚು, ಹಾಕು. ಕೂತಿತೋ ಇಲ್ಲವೋ ಎಂದು ಒಮ್ಮೆ ಕೆಳಕ್ಕೆ ಎಳೆದು ನೋಡು, ಏಕೆಂದರೆ ಅದು ಕೂತ ಸದ್ದು ಗಾಳಿಯಲ್ಲಿ ಕೇಳುವುದಿಲ್ಲ, ಕೂತ ಅನುಭವ ಗ್ಲೌಸಿನೊಳಕ್ಕೆ ಬರುವುದಿಲ್ಲ. ಕಾಕಿಂಗ್ ಹ್ಯಾಂಡಲ್ಲನ್ನು ಬೆರಳಿಂದ ಅಲ್ಲ, ಅಂಗೈ ಬದಿಯಿಂದ ಎಳೆ. ಮ್ಯಾಗಜಿನ್ ಚೀಲದ ಗುಂಡಿ, ಜಿಪ್ಪುಗಳಿಗೆ ಒಂದೊಂದು ದಾರದ ಕುಣಿಕೆ ಹಾಕಿಕೋ. ಎರಡು ಬೆರಳು ತೂರುವಷ್ಟು ದೊಡ್ಡದಿರಲಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಇದರಿಂದ ಆಗುವ ಅನುಕೂಲ ಮಾತ್ರ ದೊಡ್ಡದು.

ಪ್ಲಾಸ್ಟಿಕ್ ಮ್ಯಾಗಜಿನ್ ಇದ್ದರೆ ಬಿರುಕು ನೋಡುತ್ತಿರು. 1999ರ ಕಾರ್ಗಿಲ್ ಯುದ್ಧದಲ್ಲಿ ಇನ್ಸಾಸ್ ಮ್ಯಾಗಜಿನ್ನುಗಳು ಚಳಿಗೆ ಒಡೆದ ದೂರು ಆಗ ಪತ್ರಿಕೆಗಳಲ್ಲೂ ಬಂದಿತ್ತು. ಕಬ್ಬಿಣವೂ ಚಳಿಗೆ ಪೆಡಸಾಗುತ್ತದೆ. ಅದಕ್ಕೇ ಮೊದಲ ಕೆಲವು ಗುಂಡುಗಳನ್ನು ಬಿಡುವು ಕೊಟ್ಟು ಹಾರಿಸು, ಒಳಗಿನ ಭಾಗಗಳು ನಿಧಾನವಾಗಿ ಬಿಸಿಯಾಗಲಿ.

ಎಣ್ಣೆಯ ಮಾತು ಹೇಳದಿದ್ದರೆ ಮೇಲಿನದೆಲ್ಲ ವ್ಯರ್ಥ. ಡಿಸೆಂಬರ್ ಬೆಳಗ್ಗೆ ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುವ ಹಾಗೆಯೇ ಅಲ್ಲಿ ಮಾಮೂಲಿ ಬಂದೂಕಿನ ಎಣ್ಣೆಯೂ ಗಂಜಿಯಾಗುತ್ತದೆ. ಬೋಲ್ಟ್ ಅರ್ಧಕ್ಕೆ ನಿಲ್ಲುತ್ತದೆ, ಫೈರಿಂಗ್ ಪಿನ್ ಸೋತು ಬಡಿಯುತ್ತದೆ. 1941ರ ಚಳಿಗಾಲದಲ್ಲಿ ಮಾಸ್ಕೋ ಮುಂದೆ ಜರ್ಮನ್ ಸೈನ್ಯದ ಬಂದೂಕುಗಳು ಮೂಕವಾದದ್ದರಲ್ಲಿ ಹೆಪ್ಪುಗಟ್ಟಿದ ಎಣ್ಣೆಯ ಪಾಲು ದೊಡ್ಡದು. ಹಳೆಯ ಎಣ್ಣೆಯನ್ನೆಲ್ಲ ಚಿಂದಿಯಿಂದ ಒರೆಸಿ ತೆಗೆದು, ಚಳಿಗೆಂದೇ ಕೊಡುವ ತೆಳು ಎಣ್ಣೆಯನ್ನು ಬೆರಳಿಗೆ ಅಂಟಿಯೂ ಅಂಟದಷ್ಟು ಮಾತ್ರ ಸವರು. ಒರೆಸಲು ಸೀಮೆಎಣ್ಣೆ, ಪೆಟ್ರೋಲ್ ಬಳಸುವಾಗ ಕೈ ಮೇಲೆ ಚೆಲ್ಲಿಕೊಳ್ಳಬೇಡ. ಅವು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ನೀರಾಗಿಯೇ ಇರುತ್ತವೆ, ಚರ್ಮಕ್ಕೆ ತಾಗಿದ ಕೂಡಲೇ ಹಿಮಗಡಿತ ತರುತ್ತವೆ.

ರೈಫಲ್ಲನ್ನು ಬುಖಾರಿ ಒಲೆ ಉರಿಯುವ ಬಂಕರಿನೊಳಕ್ಕೆ ಮತ್ತೆ ಮತ್ತೆ ಒಯ್ಯಬೇಡ. ಬಿಸಿಗೆ ಬಂದ ತಣ್ಣನೆ ಲೋಹ ಬೆವರುತ್ತದೆ, ಆ ಬೆವರು ಹೊರಗೆ ಹೋದಾಗ ಟ್ರಿಗರಿನ ಸಂದಿಯಲ್ಲೇ ಮಂಜುಗಡ್ಡೆಯಾಗುತ್ತದೆ. ಆಗ ಎಷ್ಟೇ ಒಳ್ಳೆಯ ಗ್ಲೌಸು ಇದ್ದರೂ ಟ್ರಿಗರ್ ಕದಲುವುದಿಲ್ಲ. ಹೊರಗೆ, ಗಾಳಿ ತಾಗದ ಮರೆಯಲ್ಲಿ, ಹೊದಿಕೆ ಹಾಕಿ, ಕಾವಲಿನವನ ಕಣ್ಣಳತೆಯಲ್ಲಿ ಇಡುವುದು ಒಳ್ಳೆಯದು. ಒಳಗೆ ತರಲೇಬೇಕಾದರೆ ಬೆವರುವುದು ನಿಲ್ಲುವ ತನಕ ಕಾದು, ಬಿಚ್ಚಿ, ಒಂದೊಂದು ಭಾಗವನ್ನೂ ಒಣ ಬಟ್ಟೆಯಿಂದ ಒರೆಸು. ಮೂತಿಗೆ ಮುಚ್ಚಳ ಇರಲಿ. ಹಿಮ ಹೊಕ್ಕ ಬ್ಯಾರೆಲ್ಲಿನಿಂದ ಗುಂಡು ಹಾರಿಸಿದರೆ ಅದು ಉಬ್ಬಬಹುದು, ಸಿಡಿಯಲೂಬಹುದು. ಸೈಟಿನ ಬ್ಯಾಟರಿಗಳನ್ನು ಎದೆಯ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿರು.

ಕೊನೆಗೆ ಕೈಗಳು. ನೀನೂ ನಿನ್ನ ಜೊತೆಗಾರನೂ ಒಬ್ಬರ ಬೆರಳನ್ನು ಒಬ್ಬರು ದಿನವೂ ನೋಡಬೇಕು, ತನ್ನದು ತನಗೆ ನೋಯುವುದಿಲ್ಲ. ತುದಿ ಬಿಳಿಚಿದ್ದರೆ, ಮೇಣದಂತೆ ಕಂಡರೆ, ಅದರ ಮೇಲೆ ಹಿಮ ಉಜ್ಜಬೇಡ, ಬುಖಾರಿಗೂ ಹಿಡಿಯಬೇಡ. ಮರಗಟ್ಟಿದ ಬೆರಳು ಸುಟ್ಟರೂ ನಿನಗೆ ತಿಳಿಯುವುದಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೋ. ಒಮ್ಮೆ ಬಿಸಿಯಾಗಿ ಜೀವ ಬಂದ ಬೆರಳು ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಹೆಚ್ಚು ಕೆಡುತ್ತದೆ. ಆದ್ದರಿಂದ ಅದೇ ಹೊತ್ತಿಗೆ ಪೋಸ್ಟ್ ಕಮಾಂಡರಿಗೆ ಹೇಳು, ಡಾಕ್ಟರಿಗೆ ಸುದ್ದಿ ಮುಟ್ಟಿಸು. ಹೇಳಿದರೆ ಅಂಜುಬುರುಕ ಅಂದಾರು ಅಂತ ಬಚ್ಚಿಡಬೇಡ.