ಗ್ಯಾಂಬಿಯಾದ ಪ್ಯಾಕೇಜ್ ಪ್ರವಾಸ: ಹಣ ಎಲ್ಲಿ ನಿಲ್ಲುತ್ತದೆ?

ಸೇವೆಯನ್ನು ದಾಸ್ತಾನು ಮಾಡಲಾಗದು ಎಂದು ಪ್ರಥಮ ಪಿಯು ವ್ಯವಹಾರ ಅಧ್ಯಯನದಲ್ಲಿ ಓದುತ್ತೀರಿ. ತರಗತಿಯಲ್ಲಿ ಇದಕ್ಕೆ ನಾನು ಕೊಡುವ ಉದಾಹರಣೆ ಗ್ಯಾಂಬಿಯಾ. ಪಶ್ಚಿಮ ಆಫ್ರಿಕಾದ ಈ ಪುಟ್ಟ ದೇಶದ ಕಡಲತೀರ ಸುಮಾರು 80 ಕಿ.ಮೀ. ಮಾತ್ರ, ಜನರಲ್ಲಿ ಬಹುಪಾಲು ಮುಸ್ಲಿಮರು. 1960ರ ದಶಕದಲ್ಲಿ ಸ್ವೀಡನ್ನಿನ ಸಂಸ್ಥೆಯೊಂದು ಚಳಿಗಾಲದಲ್ಲಿ ಬಿಸಿಲು ಬಯಸುವವರನ್ನು ಇಲ್ಲಿಗೆ ಕರೆತರತೊಡಗಿತು.

ಪ್ರವಾಸ ಸಂಸ್ಥೆ ವಿಮಾನದ ಸೀಟು, ಹೋಟೆಲ್ ಕೋಣೆ, ನಿಲ್ದಾಣದಿಂದ ಹೋಟೆಲಿಗೆ ಬಸ್ಸು ಇವನ್ನೆಲ್ಲ ತಿಂಗಳುಗಳ ಮೊದಲೇ ಸಗಟಾಗಿ ಗೊತ್ತುಮಾಡಿಕೊಂಡು, ಒಟ್ಟಿಗೆ ಒಂದೇ ಬೆಲೆಗೆ ಮಾರುತ್ತದೆ. ವಿಮಾನ ಹಾರಿದ ಮೇಲೆ ಖಾಲಿ ಸೀಟಿಗೆ ಬೆಲೆಯಿಲ್ಲ. ಅದಕ್ಕೇ ಕೊನೆಯ ದಿನಗಳಲ್ಲಿ ಉಳಿದದ್ದನ್ನು ಅಗ್ಗಕ್ಕೆ ಕೊಡುವುದುಂಟು. ಸೀಸನ್ ನವೆಂಬರಿನಿಂದ ಏಪ್ರಿಲ್‌ವರೆಗೆ. ಮಳೆಗಾಲದಲ್ಲಿ ಹೋಟೆಲ್ ಕೆಲಸಗಾರರು ಅನೇಕರಿಗೆ ಕೆಲಸವೇ ಇರುವುದಿಲ್ಲ.

ಪ್ರವಾಸಿ ಯುರೋಪಿನಲ್ಲೇ ಹಣ ಕಟ್ಟಿ ಬಂದಿರುತ್ತಾನೆ. ಊಟ, ತಿಂಡಿ, ಪಾನೀಯವೂ ಅದರಲ್ಲೇ ಸೇರಿದ್ದರೆ ಹೋಟೆಲಿನ ಗೇಟು ದಾಟುವ ಅಗತ್ಯವೇ ಇಲ್ಲ. ಹೊರಗೆ ಹಣ್ಣಿನ ರಸ ಮಾರುವವರು, ಟ್ಯಾಕ್ಸಿಯವರು ಕಾಯುತ್ತ ಕೂರಬೇಕು. 1999ರಲ್ಲಿ ಸರ್ಕಾರ ಇಂಥ ಪ್ಯಾಕೇಜನ್ನು ನಿಷೇಧಿಸಿತು. ನನ್ನ ಮಟ್ಟಿಗೆ ಅದು ನ್ಯಾಯದ ಹೆಜ್ಜೆ. ಆದರೆ ಮರುವರ್ಷವೇ ನಿಷೇಧ ತೆಗೆಯಬೇಕಾಯಿತು. ಪ್ರವಾಸಿಗಳನ್ನು ಬೇರೆ ದೇಶಕ್ಕೆ ತಿರುಗಿಸುವುದು ವಿದೇಶಿ ಸಂಸ್ಥೆಗಳಿಗೆ ಕಷ್ಟವಲ್ಲ ನೋಡಿ.

1994ರಲ್ಲಿ ಸೇನೆ ಅಧಿಕಾರ ಹಿಡಿದಾಗ ಬ್ರಿಟನ್ ತನ್ನ ಜನರಿಗೆ ಹೋಗಬೇಡಿ ಎಂದಿತು, ಹೋಟೆಲುಗಳು ಬರಿದಾದವು. 2014ರಲ್ಲಿ ಎಬೋಲಾ ಗ್ಯಾಂಬಿಯಾಕ್ಕೆ ಕಾಲಿಡದಿದ್ದರೂ ಪ್ರವಾಸಿಗಳು ಹಿಂಜರಿದರು. 2019ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ದಿವಾಳಿಯಾಯಿತು. ಸೀಸನ್ನಿಗೆ ಕೆಲವೇ ವಾರ ಉಳಿದಿದ್ದವು. ಅದಕ್ಕೆಂದು ಇಟ್ಟಿದ್ದ ಕೋಣೆಗಳಿಗೆ ಹೋಟೆಲಿನವರು ಬೇರೆ ಗಿರಾಕಿ ಹುಡುಕಬೇಕಾಯಿತು.